ಜರಡಿ

ಆ ಚಳಿಗಾಲ ನಾನು ಹೋದದ್ದು ಕೂಲಿಗೆ,
ಇತಿಹಾಸಕ್ಕಲ್ಲ.
ದಿನಕ್ಕೆ ಮೂರು ಸಾವಿರ ಯೆನ್, ನಡುವೆ ಬಿಸಿ ಚಹಾ,
ರಬ್ಬರ್ ಬೂಟು ಅವರದೇ.
ಕೆರೆಗೆ ಬೀಳುವ ಹೊಳೆಯ ಪಾತ್ರ ಅಗೆದಾಗ
ಕೆಸರೊಳಗಿಂದ ಒಂದು ಊರು ಎದ್ದು ಬಂದಿತಂತೆ,
ನಮ್ಮೂರ ಕೆಳಗಿದ್ದ ನಮ್ಮೂರು.

ನಾವು ಏಳು ಹೆಂಗಸರು.
ಜೂನ್ ತಿಂಗಳಲ್ಲಿ ಉಮೆ ಹಣ್ಣು ಕೀಳುವವರು,
ಚಳಿಯಲ್ಲಿ ಕೈ ಖಾಲಿ.
ಸಾಲಾಗಿ ಕುಕ್ಕರಿಸಿ, ಜರಡಿಗೆ ಕೆಸರು ಸುರಿದು,
ನೀರು ಬಿಟ್ಟು, ಕುಲುಕಿ, ಉಳಿದದ್ದನ್ನು ಹೆಕ್ಕುವುದು:
ಸೋರೆ ಬೀಜ, ಮೀನಿನ ಮುಳ್ಳು,
ಓಕ್ ಕಾಯಿಯ ಪುಟ್ಟ ಟೊಪ್ಪಿಗೆ.
ಅಕ್ಕಿ ಆರಿಸಿದ ಕೈಗೆ ಇದೇನು ಹೊಸದೆ!
ಅಲ್ಲಿ ಕಸ ಎಸೆಯುತ್ತಿದ್ದೆವು,
ಇಲ್ಲಿ ಕಸವನ್ನೇ ಎಣಿಸಿ ಬರೆದುಕೊಂಡರು.

ಐದೂವರೆ ಸಾವಿರ ವರ್ಷ ಎಂದರು ಕ್ಯೋತೊದ ಹುಡುಗರು.
ಮೂಲಂಗಿಯ ಧಾರಣೆ ಕೇಳಿದ ಹಾಗೆ
ಹೌದಾ ಎಂದೆವು.

ಇತ್ಸುಯೆಯ ಜರಡಿಗೆ ಮೆರುಗೆಣ್ಣೆಯ ಚೂರು ಸಿಕ್ಕಿತು,
ಕೆಂಪು, ನಿನ್ನೆ ಬಳಿದಂಥ ಕೆಂಪು.
ಪತ್ರಿಕೆಯವರು ಬಂದರು, ಅವಳು ತಲೆವಸ್ತ್ರ ಸರಿಮಾಡಿಕೊಂಡಳು.
ನನ್ನದಕ್ಕೆ ಬಂದದ್ದು ಒಂದು ಕಂದು ಉಂಡೆ.
ಎಸೆಯಲು ಕೈ ಎತ್ತಿದ್ದೆ,
ಮಿನೆಗಿಶಿ ಎಂಬ ಹುಡುಗ ಕೂಗುತ್ತ ಓಡಿಬಂದು
ಬೊಗಸೆಯೊಡ್ಡಿ ತೆಗೆದುಕೊಂಡ.
"ಇದು ಮನುಷ್ಯರದ್ದು" ಎಂದ, ದನಿ ತಗ್ಗಿಸಿ.
ಏಳೂ ಜನ ನಕ್ಕೆವು ನೋಡಿ,
ಕಣ್ಣಲ್ಲಿ ನೀರು ಬರುವ ತನಕ.
ಅವನು ನಗಲಿಲ್ಲ. ಹತ್ತಿಯಲ್ಲಿ ಸುತ್ತಿದ,
ಎಳೆಕೂಸನ್ನು ಸುತ್ತುವ ಹಾಗೆ.

ಮಾರನೆಯ ತಿಂಗಳು ಅವನೇ ಬಂದು ಹೇಳಿದ:
ಎಗೊಮಾ ಕಾಳು ತಿಂದಿದ್ದಾರೆ, ಸಣ್ಣ ಮೀನು,
ಮುಳ್ಳು ಸರಿಯಾಗಿ ಅಗಿದಿಲ್ಲ.
ಹೊಟ್ಟೆ ಚೆನ್ನಾಗಿತ್ತು.
ಮರದ ಅಟ್ಟಣೆಯ ತುದಿಯಲ್ಲಿ ಕೂತಿರಬೇಕು,
ಕೆಳಗೆ ಕೆರೆ.
ಅವನ ಮುಖ ಹಬ್ಬದ ಮುಖ.

ಅವನಿಗೆ ನಾನು ಹೇಳದ್ದು:
ಸಂಜೆ ಮನೆಗೆ ಹೋಗಿ ನಾನು ಮತ್ತೆ ಇದನ್ನೇ ಒಗೆಯುತ್ತೇನೆ.
ಅತ್ತೆ ಹಾಸಿಗೆ ಹಿಡಿದು ಮೂರು ಚಳಿಗಾಲ,
ಮಾತು ನಿಂತು ಎರಡು.
ಹದಿನೆಂಟು ವರ್ಷ ನನ್ನ ಸಾರಿಗೆ ಉಪ್ಪು ಸಾಲದೆಂದವಳು
ಈಗ ನನಗೆ ಬರೆಯುತ್ತಿದ್ದ ಕಾಗದ ಆ ಬಟ್ಟೆಯೊಂದೇ.
ಹುರುಳಿ ಒಗ್ಗಲಿಲ್ಲ. ಗಂಜಿ ಒಗ್ಗಿತು.
ರಾತ್ರಿ ಜ್ವರ ಬರಬಹುದು.
ಓದಲು ಕಲಿತಿದ್ದೆ ನಾನು,
ಆ ಹುಡುಗನಿಗಿಂತ ಮೊದಲೇ, ದೀಪವಿಲ್ಲದ ಬಚ್ಚಲಲ್ಲಿ,
ಮಂಜಿನ ನೀರಲ್ಲಿ ಬೆರಳು ಸೆಟೆದು.

ಫೆಬ್ರವರಿಯಲ್ಲಿ ಹೋದಳು.
ಗಂಡಸರು ದೋಣಿಗಳಲ್ಲಿ ನಿಂತು
ಬಿದಿರ ಗಳುವಿನಿಂದ ಕೆರೆ ಬಡಿಯುವ ಹೊತ್ತು,
ತಳದಲ್ಲಿ ಮಲಗಿದ ಮೀನು ಬೆದರಿ ಬಲೆಗೆ ಬರಲೆಂದು.
ನನ್ನವನು ತೊರಾಕಿಚಿಯೂ ಅಲ್ಲೇ.
ಪಟ್, ಪಟ್, ಪಟ್.
ಅವನನ್ನು ಕೂಗಿ ಕರೆಯಲು ದಂಡೆಗೆ ಹೋದೆ.
ಆ ಸದ್ದಿಗೆ ನನ್ನ ಕೂಗು ಕೇಳಿಸಲಿಲ್ಲ.
ನಾನೂ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಈಗ ನನಗೆ ಎಂಬತ್ತೊಂದು.
ಮೊಮ್ಮಗಳ ಶಾಲೆಯವರ ಜೊತೆ ಸಂಗ್ರಹಾಲಯಕ್ಕೆ ಹೋದೆ.
ಗಾಜಿನೊಳಗೆ, ಹಳದಿ ಬೆಳಕಿನಲ್ಲಿ, ನನ್ನ ಉಂಡೆ.
ಮಕ್ಕಳು ಮೂಗು ಹಿಡಿದು ಕಿಸಕ್ಕೆಂದರು,
ನಾನೂ ಹಿಡಿದೆ.

ಪಕ್ಕದ ಕೆರೆಯ ತಳದ ಮಣ್ಣನ್ನೂ ಕೊರೆದು ತಂದಿದ್ದಾರೆ,
ಗೋಡೆಯುದ್ದ ಇಟ್ಟಿದ್ದಾರೆ.
ವರ್ಷಕ್ಕೊಂದು ಗೆರೆ, ಉಗುರಿಗಿಂತ ಹೆಚ್ಚು ದಪ್ಪವಿಲ್ಲ.
ಮೊಮ್ಮಗಳು ಕೇಳಿದಳು, ನಾನೆಲ್ಲಿದ್ದೇನೆ ಇದರಲ್ಲಿ?
ತುದಿಯ ಹತ್ತಿರ ಬೆರಳಿಟ್ಟೆ.
ಬೆರಳು ಸ್ವಲ್ಪ ಕೆಳಗೆ ಜಾರಿತು, ತಾನಾಗಿ.

ಆ ವರ್ಷ ಅತ್ತೆ ಕೊನೆಗೆ ಉಂಡದ್ದು
ಮೂರು ಚಮಚ ಗಂಜಿ,
ಬೀಜ ತೆಗೆದು ಮಸೆದ ಅರ್ಧ ಉಪ್ಪುಮೆ.
ನಾಲ್ಕನೆಯದಕ್ಕೆ ತುಟಿ ಬಿಗಿದಳು.
ಉಪ್ಪು ಸರಿಯಿತ್ತು, ಅನಿಸುತ್ತದೆ.
ಯಾರೂ ಕೇಳಿಲ್ಲ.